ಹೆಂಡತಿಯ ಡಬ್ಬಿ, ನನ್ನ ಹೆಬ್ಬೆಟ್ಟು

ನನ್ನ ಇಡ್ಲಿ ಗಾಡಿಯ ಮೇಲೆ ಒಂದು ಡಬ್ಬಿ ಇತ್ತು. ಗಿರಾಕಿ ಮೊಬೈಲಿನಿಂದ ದುಡ್ಡು ಕಳಿಸಿದ ಕೂಡಲೇ ಇಷ್ಟು ರೂಪಾಯಿ ಬಂತು ಎಂದು ಅದು ಹಿಂದಿಯಲ್ಲಿ ಗಟ್ಟಿಯಾಗಿ ಕೂಗುತ್ತಿತ್ತು. ಮುಲುಂಡಿನಲ್ಲಿ ಈಗ ನಿಂಬೆಹಣ್ಣು ಮಾರುವವನ ಹತ್ತಿರವೂ ಇಂಥ ಡಬ್ಬಿ ಇದೆ. ಆದರೆ ನನ್ನ ಡಬ್ಬಿ ಕೂಗಿದಾಗಲೆಲ್ಲ ದುಡ್ಡು ಹೋಗುತ್ತಿದ್ದದ್ದು ನನ್ನ ಹೆಂಡತಿಯ ಖಾತೆಗೆ.

ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಕಂಪನಿಯ ಹುಡುಗಿ ಬಂದು ಗಾಡಿಗೆ ಸ್ಟಿಕರ್ ಅಂಟಿಸಿದ ದಿನ ನನ್ನ ಹತ್ತಿರ ಬಟನ್ ಫೋನ್ ಇತ್ತು. ಹಿಟ್ಟು ತಂದುಕೊಡಲು ಬಂದಿದ್ದ ನನ್ನ ಹೆಂಡತಿಯ ಕೈಯಲ್ಲಿ ದೊಡ್ಡ ಫೋನ್ ಇತ್ತು. ಹುಡುಗಿ ಅದನ್ನೇ ಇಸಿದುಕೊಂಡು ಏನೇನೋ ಒತ್ತಿ, ಡಬ್ಬಿಯನ್ನೂ ಕೊಟ್ಟು ಹೋದಳು. ಅಂದಿನಿಂದ ಗಾಡಿಯ ಮುಂದೆ ನಿಂತವನು ನಾನು, ಅಂಗಡಿ ನಡೆಸುವವಳು ಮನೆಯಲ್ಲಿ ಕೂತ ಅವಳು.

ಡಬ್ಬಿ ಇಲ್ಲಿ ಕೂಗಿದರೆ ಅಲ್ಲಿ ಅವಳ ಫೋನು ಟಿಂಗ್ ಎನ್ನುತ್ತಿತ್ತು. ಟಿಂಗ್ ಎನ್ನುವ ತನಕ ಏನೂ ತೊಂದರೆ ಇಲ್ಲ. ಟಿಂಗ್ ನಿಂತರೆ ನನ್ನ ಫೋನು ಶುರು.

"ಏನ್ರೀ, ಗಾಡಿ ಮುಂದ ಅದೀರೋ ಇಲ್ಲೋ?"

"ಅದೀನಿ, ಅದೀನಿ."

"ಮತ್ತ ನನ್ನ ಫೋನ್ ಯಾಕ ಟಿಂಗ್ ಅನ್ನವಲ್ದು?"

"ಗಿರಾಕಿ ಇಲ್ಲ."

"ಗಿರಾಕಿ ಇಲ್ಲೋ, ನೀವು ಇಲ್ಲೋ?"

ನಿಜಕ್ಕೂ ನಾನು ಗಾಡಿಯ ಮುಂದೆ ಇರುತ್ತಿರಲಿಲ್ಲ.

ಬೆಳಗಿನ ತಿಂಡಿಯ ಗದ್ದಲ ಹನ್ನೊಂದಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಊಟಕ್ಕೆ ಬರುವವರು ಒಂದರ ಮೇಲೆ. ಈ ನಡುವೆ ನಾನು ಗಾಡಿಗೆ ಒಂದು ಬಟ್ಟೆ ಹೊದಿಸಿ, ಪಕ್ಕದ ಬಿಲ್ಡಿಂಗಿನ ಗೇಟಿನ ಹತ್ತಿರ ಇಸ್ತ್ರಿ ಮಾಡುವ ಗೆಳೆಯನ ಬಳಿ ಹೋಗುತ್ತಿದ್ದೆ. ಅವನು ಬಾಗಲಕೋಟೆ ಕಡೆಯವನು, ನಾನು ವಿಜಾಪುರ ಕಡೆಯವನು. ಇಸ್ತ್ರಿ ಪೆಟ್ಟಿಗೆಯ ಇದ್ದಿಲಿನಿಂದ ಒಂದು ಹಲಗೆಯ ಮೇಲೆ ಮನೆ ಬರೆದುಕೊಂಡು ನಾವು ಚೌಕಾಬಾರ ಆಡುತ್ತಿದ್ದೆವು. ಕವಡೆಯ ಬದಲು ಸೀಳಿದ ಹುಣಸೆಬೀಜ. ಕಾಯಿಗಳೆಂದರೆ ನನ್ನವು ಒಡೆದ ಬಳೆ ಚೂರು, ಅವನವು ಅಂಗಿಯಿಂದ ಉದುರಿದ ಗುಂಡಿ. ಯಾರ ಅಂಗಿಯೆಂದು ನಾನು ಕೇಳಿಲ್ಲ.

ಹಳ್ಳಿಯಲ್ಲಿ ಆಡಲು ನನಗೆ ಸಮಯ ಸಿಕ್ಕಿರಲಿಲ್ಲ. ಮುಂಬೈಯಲ್ಲಿ ಸಿಕ್ಕಿದೆ. ಆದರೆ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿರುವಾಗ ಸರಿಯಾಗಿ ಫೋನು ಬರುತ್ತಿತ್ತು. ನಾನು ಓಡಿಹೋಗಿ ಗಾಡಿಯ ಮುಂದೆ ನಿಂತು, ಪಾತ್ರೆಯನ್ನು ಡಣ್ ಎನಿಸಿ, "ಕೇಳಿಸ್ತೇನ್, ಇಲ್ಲೇ ಅದೀನಿ" ಎಂದು ಹೇಳಿ ವಾಪಸ್ ಬರುವುದರೊಳಗೆ ಗೆಳೆಯ ನನ್ನ ಕಾಯಿ ಕಡಿದಿರುತ್ತಿದ್ದ.

ಒಂದು ದಿನ ಅವನೇ ಹೇಳಿದ.

"ಅಣ್ಣಾ, ನಿನಗ ಬ್ಯಾಂಕಿನ್ಯಾಗ ಖಾತಾ ಇಲ್ಲೇನು?"

"ಐತಿ."

"ಮತ್ತ ಅದನ್ನ ಜೋಡಸು. ಸ್ಟಿಕರ್ ನಿಂದಾದ್ರ ಟಿಂಗ್ ನಿನಗ ಬರತೈತಿ. ವೈನಿಗೆ ಏನೂ ತಿಳ್ಯಾಂಗಿಲ್ಲ." ನನ್ನ ಹೆಂಡತಿಗೆ ಅವನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ.

ನನಗೆ ಬೇಕಾಗಿದ್ದು ಇಷ್ಟೇ. ಹನ್ನೊಂದರಿಂದ ಒಂದರ ತನಕ ಟಿಂಗ್ ಅನ್ನುವುದು, ಅನ್ನದಿರುವುದು ನನಗೊಬ್ಬನಿಗೇ ಗೊತ್ತಿರಬೇಕು. ಅಷ್ಟರಲ್ಲಿ ನಾನೂ ದೊಡ್ಡ ಫೋನ್ ಕೊಂಡಿದ್ದೆ.

ಅಂದು ಸಂಜೆ ಹೆಂಡತಿಗೆ ಹೇಳಿದೆ. "ಗಾಡಿ ಸ್ಟಿಕರ್ ನನ್ನ ಹೆಸರಿಲೆ ಮಾಡಿಸ್ಬೇಕಂತೀನಿ."

"ಯಾಕ? ನನ್ನ ಹೆಸರು ಕಡೀತೈತೇನು?"

"ಹಂಗಲ್ಲ. ಒಬ್ಬ ಗಂಡಸಂದ ಮ್ಯಾಲ..."

"ಆತು ಆತು, ಫೋನ್ ಕೊಡ್ರಿ ಇಲ್ಲೆ" ಎಂದು ಅವಳೇ ಇಸಿದುಕೊಂಡಳು. ಇಂಥದ್ದರಲ್ಲಿ ಅವಳ ಕೈ ಚುರುಕು. ಆಪ್ ಇಳಿಸಿದಳು, ನನ್ನ ನಂಬರ್ ಹಾಕಿದಳು, ಬ್ಯಾಂಕುಗಳ ಸಾಲಿನಲ್ಲಿ ನನ್ನ ಬ್ಯಾಂಕನ್ನು ಒತ್ತಿದಳು. ಒಂದು ಚಕ್ರ ತಿರುಗಿತು. ತಿರುಗಿ ತಿರುಗಿ ನಿಂತು, ಈ ನಂಬರಿಗೆ ಸೇರಿದ ಖಾತೆ ಯಾವುದೂ ಇಲ್ಲ ಎಂದಿತು.

ನಾನು ಫೋನಿನ ಮೇಲೆ ಬಗ್ಗಿದೆ. "ಖಾತಾನ ಹೋತೇನು?"

"ಖಾತಾ ಎಲ್ಲಿ ಹೊಕ್ಕೈತಿ, ಅದಕ್ಕೇನು ಕಾಲದಾವೇನು? ಖಾತಾ ತೆಗೆಯೂ ಮುಂದ ಯಾವ ನಂಬರ್ ಕೊಟ್ಟಿದ್ರಿ?"

ನಾನು ಯೋಚಿಸಿದೆ. ಆಗ ನನ್ನ ಹತ್ತಿರ ಫೋನೇ ಇರಲಿಲ್ಲ. ಮದುವೆಗೆ ಮುಂಚಿನ ಮಾತು. ಕೆಲಸ ಗ್ರಾಂಟ್ ರೋಡಿನ ಹೋಟೆಲಿನಲ್ಲಿ, ಮಲಗುವುದು ವಡಾಲದ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಹಳೇ ಕಟ್ಟಡದಲ್ಲಿ. ಆ ಚಾಳಿನಲ್ಲಿ ಮೊಬೈಲ್ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಅವರು ಮರಾಠಿ ಹೆಂಗಸು, ನಾವೆಲ್ಲ ಅವರಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮಾವಶಿಯ ನಂಬರೇ ನಮ್ಮೆಲ್ಲರ ನಂಬರು. ಊರಿಗೆ, ಡಾಕ್ಟರಿಗೆ, ಸೇಠನಿಗೆ, ಎಲ್ಲರಿಗೂ ಅದನ್ನೇ ಕೊಟ್ಟು ಪಕ್ಕದಲ್ಲಿ "ಪಿ.ಪಿ." ಎಂದು ಬರೆಸುತ್ತಿದ್ದೆವು. ಪಿ.ಪಿ. ಎಂದರೆ ನೆರೆಮನೆಯ ಫೋನು, ದಯವಿಟ್ಟು ಕರೆದುಕೊಡಿ ಎಂದು ಅರ್ಥ. ಫೋನು ಬಂದರೆ ಮಾವಶಿ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದರು, ನಾವು ಹಲ್ಲುಜ್ಜುವ ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ಓಡುತ್ತಿದ್ದೆವು.

ಬ್ಯಾಂಕಿನವರು ಫೋನ್ ನಂಬರ್ ಕೇಳಿದಾಗಲೂ ನಾನು ಅದನ್ನೇ ಕೊಟ್ಟಿದ್ದೆ. ಮರುದಿನ ಮಾವಶಿಯ ಹತ್ತಿರ ಹೋಗಿ, "ಬ್ಯಾಂಕಿನಿಂದ ಫೋನು ಬಂದರೆ ಕರೆಯಿರಿ" ಎಂದೂ ಹೇಳಿದ್ದೆ. ಅವರು ಹೂಂ ಎಂದಿದ್ದರು. ಫೋನು ಬರಲೇ ಇಲ್ಲ, ನಾನು ಮರೆತೆ.

ಇದನ್ನು ಕೇಳಿ ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಳು. "ಯಪ್ಪಾ! ಇಷ್ಟು ವರ್ಷ ನಿಮ್ಮ ಖಾತಾದ ಸುದ್ದಿ ಎಲ್ಲಾ ಮಾವಶಿಗೆ ಹೊಂಟೈತಿ!"

"ಅವರಿಗೆ ಇಂಗ್ಲಿಷ್ ಓದಾಕ ಬರಾಂಗಿಲ್ಲ ಬಿಡು."

"ನಿಮಗ ಖಾತಾ ತೆಗಿಯಾಕ ಬರಾಂಗಿಲ್ಲ."

ಮುಂದಿನ ವಾರ ಗಾಡಿಗೆ ಒಂದು ದಿನ ರಜೆ ಕೊಟ್ಟು ವಡಾಲಕ್ಕೆ ಹೋದೆ. ಚಾಳು ಹಾಗೇ ಇದೆ, ಮಾವಶಿಯೂ ಹಾಗೇ ಇದ್ದಾರೆ, ಕೂದಲು ಮಾತ್ರ ಪೂರ್ತಿ ಬಿಳಿ. ನಂಬರೂ ಅದೇ. ಅವರು ಮಾತಾಡಿದ್ದು ಮರಾಠಿಯಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ನಾನು ಬ್ಯಾಂಕಿನ ಹೆಸರು ಎತ್ತಿದ ತಕ್ಷಣ ಅವರ ಮುಖ ಅರಳಿತು.

"ಆ ಬ್ಯಾಂಕಾ? ಎಷ್ಟು ಒಳ್ಳೆಯ ಜನ ಗೊತ್ತಾ! ನನ್ನ ಖಾತೆ ಅಲ್ಲಿಲ್ಲ. ಆದರೂ ಗಣಪತಿಗೆ, ದೀಪಾವಳಿಗೆ ತಪ್ಪದೆ ಮೆಸೇಜ್ ಕಳಿಸುತ್ತಾರೆ. ಕೆಳಗಿನ ಮನೆಯ ಹುಡುಗಿ ಓದಿ ಹೇಳುತ್ತಾಳೆ. ನನ್ನ ಸ್ವಂತ ಸೊಸೆ ಕಳಿಸುವುದಿಲ್ಲ ಕಣೋ."

"ಮಾವಶಿ, ಅದು..."

"ಕೇಳು ಮೊದಲು. ಪ್ರತಿ ಜೂನ್ ಒಂದಕ್ಕೆ ಹುಟ್ಟುಹಬ್ಬದ ಶುಭಾಶಯವೂ ಬರುತ್ತದೆ. ನಾನು ಹುಟ್ಟಿದ್ದು ಮಾರ್ಗಶೀರ್ಷದಲ್ಲಿ. ಆದರೆ ಅಷ್ಟು ಪ್ರೀತಿಯಿಂದ ಕಳಿಸುವಾಗ ತಪ್ಪು ಎಂದು ಹೇಳುವುದು ಹೇಗೆ? ಅವತ್ತು ರವೆ ಶಿರಾ ಮಾಡಿ ಇಡೀ ಮಹಡಿಗೆ ಹಂಚುತ್ತೇನೆ."

ಜೂನ್ ಒಂದು ನನ್ನ ಹುಟ್ಟುಹಬ್ಬ. ನಿಜವಾಗಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಬಾಲ್ಯದಲ್ಲಿ ನಾಲ್ಕು ದಿನ ಶಾಲೆಗೆ ಹೋದಾಗ ಮಾಸ್ತರರು ಊರಿನ ಎಲ್ಲ ಮಕ್ಕಳಿಗೂ ಕೊಟ್ಟ ತಾರೀಕು ಅದು. ನನ್ನ ಜೀವನದಲ್ಲಿ ನಾನು ಒಮ್ಮೆಯೂ ಅದನ್ನು ಆಚರಿಸಿಲ್ಲ. ನನ್ನ ಪಾಲಿನ ಶಿರಾವನ್ನು ವಡಾಲದ ಎರಡನೇ ಮಹಡಿ ಇಷ್ಟು ವರ್ಷ ತಿಂದಿದೆ.

ನಿಧಾನವಾಗಿ ವಿಷಯ ಹೇಳಿದೆ. ಮಾವಶಿ ಫೋನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಹಾಗಾದರೆ ಅವರು ನನಗೆ ಕಳಿಸುತ್ತಿರಲಿಲ್ಲವಾ?"

ಖಾತೆ ಜೋಡಿಸುವ ತನಕ ಅವರ ಸಿಮ್ ತೆಗೆದು ಅರ್ಧ ಗಂಟೆ ನನ್ನ ಫೋನಿಗೆ ಹಾಕಿಕೊಳ್ಳಲಾ ಎಂದು ಕೇಳೋಣವೆಂದು ಬಂದಿದ್ದೆ. ಕೇಳಿದೆ. ಅವರು ಫೋನನ್ನು ಸೆರಗಿನೊಳಗೆ ಇಟ್ಟುಕೊಂಡರು.

"ಸಿಮ್ ತೆಗೆಯಬೇಡಪ್ಪಾ. ಸಾತಾರದಿಂದ ನನ್ನ ತಂಗಿ ಫೋನು ಮಾಡುತ್ತಾಳೆ. ನೀನು ಎತ್ತಿದರೆ, ಅಕ್ಕ ಹೋದಳು, ಗಂಡಸರು ಬಂದು ಕೂತಿದ್ದಾರೆ ಅಂದುಕೊಂಡು ಅಳುತ್ತಾ ಗಾಡಿ ಹತ್ತುತ್ತಾಳೆ."

ಆಮೇಲೆ ಚಹಾ ಕೊಟ್ಟರು. ಇನ್ನು ಉಳಿದದ್ದು ಬ್ಯಾಂಕಿಗೇ ಹೋಗಿ ನಂಬರ್ ಬದಲಾಯಿಸುವುದು.

ನನ್ನ ಖಾತೆ ವಡಾಲದ ಶಾಖೆಯಲ್ಲೇ ಇದೆ. ಕೌಂಟರಿನಲ್ಲಿ ಒಬ್ಬ ಮೇಡಂ ಇದ್ದರು. ನಾನು ಹಿಂದಿಯಲ್ಲಿ ಕಷ್ಟಪಟ್ಟು ಹೇಳುತ್ತಿರುವಾಗ ಅವರು ನನ್ನ ಅರ್ಜಿಯಲ್ಲಿನ ಹೆಸರು ನೋಡಿ, "ಓ, ಕನ್ನಡದವ್ರಾ?" ಎಂದರು. ಮೈಸೂರು ಕಡೆಯವರು. ನನಗೆ ಧೈರ್ಯ ಬಂತು. ಪೆನ್ನು ತೆಗೆದು ಸಹಿ ಮಾಡಿದೆ.

ನನ್ನ ಸಹಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಕನ್ನಡದಲ್ಲಿದೆ. ನನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು, ಕೆಳಗೆ ಎರಡು ಗೆರೆ, ಗೆರೆಯ ತುದಿಗೆ ಒಂದು ಸುತ್ತು. ಹೋಟೆಲಿನ ಕೆಲಸ ಮುಗಿಸಿ ಇಲ್ಲಿನ ಕನ್ನಡ ರಾತ್ರಿ ಶಾಲೆಗೆ ಹೋಗಿ, ಮೀಸೆ ಬೆಳ್ಳಗಾಗತೊಡಗಿದಾಗ ಹತ್ತನೇ ಪಾಸಾದವನು ನಾನು. ಅಷ್ಟು ತಡವಾಗಿ ಕಲಿತ ಅಕ್ಷರಗಳನ್ನು ಸಹಿಯಲ್ಲಿ ಜಿಪುಣತನ ಮಾಡಿ ಖರ್ಚು ಮಾಡಲು ನನಗೆ ಮನಸ್ಸಿಲ್ಲ. ಸಹಿ ಆ ಚಿಕ್ಕ ಚೌಕದಿಂದ ಹೊರಗೆ ಬಂದು, "ಕಚೇರಿಯ ಉಪಯೋಗಕ್ಕೆ ಮಾತ್ರ" ಎಂಬ ಜಾಗದಲ್ಲಿ ಮುಗಿಯಿತು.

ಮೇಡಂ ಅದನ್ನು ನೋಡಿದರು. ಕಂಪ್ಯೂಟರ್ ನೋಡಿದರು. ನನ್ನನ್ನು ನೋಡಿದರು.

"ಸೈನ್ ತುಂಬಾ ಚೆನ್ನಾಗಿದೆ ಸಾರ್. ಆದ್ರೆ ನಮ್ಮ ಸಿಸ್ಟಮ್ ಪ್ರಕಾರ ನಿಮಗೆ ಸೈನ್ ಮಾಡಕ್ ಬರಲ್ಲ."

"ಈಗ ನಿಮ್ಮ ಮುಂದನ ಮಾಡೀನಲ್ರೀ ಮೇಡಂ."

"ನಾನ್ ನೋಡ್ದೆ ಸಾರ್. ಸಿಸ್ಟಮ್ ನೋಡಿಲ್ವಲ್ಲ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ನನ್ನ ಹಳೆಯ ಫೋಟೊ, ಅದರ ಪಕ್ಕದಲ್ಲಿ ಒಂದು ಕಪ್ಪು ಹೆಬ್ಬೆಟ್ಟು, ಎಣ್ಣೆಯಲ್ಲಿ ಸೀದುಹೋದ ವಡೆಯ ಹಾಗೆ. ಖಾತೆ ತೆಗೆದಾಗ ನನಗೆ ಅಕ್ಷರ ಬರುತ್ತಿರಲಿಲ್ಲ ಎನ್ನುವುದೇ ನನಗೆ ಮರೆತುಹೋಗಿತ್ತು. ದುಡ್ಡು ತುಂಬುವುದಕ್ಕೆ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ತೆಗೆಯುವ ಪ್ರಸಂಗ ನನಗೆ ಬಂದಿರಲಿಲ್ಲ.

"ಮೇಡಂ, ನಾ ಹತ್ತನೇ ಪಾಸ್ ಅದೀನ್ರೀ. ಮಾರ್ಕ್ಸ್ ಕಾರ್ಡ್ ತರ್ಲೇನು?"

"ಮಾರ್ಕ್ಸ್ ಕಾರ್ಡ್ ಬೇಡ ಸಾರ್. ಹೆಬ್ಬೆಟ್ಟಿಂದ ಸೈನಿಗೆ ಬದಲಾಯಿಸಕ್ಕೆ ಒಂದ್ ಅರ್ಜಿ ಕೊಡಿ. ಅರ್ಜಿಗೆ ಹೆಬ್ಬೆಟ್ಟು ಒತ್ತಿ."

"ಸಹಿ ಬರತೈತಿ ಅಂತ ಹೇಳಾಕ ಹೆಬ್ಬೆಟ್ಟು ಒತ್ತಬೇಕ್ರೀ?"

"ಹೂಂ ಸಾರ್, ಹಳೇದು ಮ್ಯಾಚ್ ಆಗ್ಬೇಕಲ್ಲ. ಜೊತೆಗೆ ಇದೇ ಬ್ರಾಂಚಲ್ಲಿ ಅಕೌಂಟ್ ಇರೋರು ಯಾರಾದ್ರೂ ನಿಮ್ಮನ್ನ ಗುರುತಿಸಿ ಸಾಕ್ಷಿ ಸೈನ್ ಹಾಕ್ಬೇಕು. ಯಾರಾದ್ರೂ ಇದಾರಾ?"

ಆ ಶಾಖೆಯಲ್ಲಿ ಖಾತೆ ಇರುವ, ನನ್ನನ್ನು ಗುರುತಿಸುವ ಮನುಷ್ಯರು ಈ ಊರಿನಲ್ಲಿ ಒಬ್ಬರೇ. ಯಾರಿಗೆ ಟಿಂಗ್ ಕೇಳಿಸಬಾರದೆಂದು ನಾನು ಇಷ್ಟೆಲ್ಲ ಓಡಾಡುತ್ತಿದ್ದೆನೋ ಅವರು.

ಫೋನು ಮಾಡಿದೆ. ಅವಳು ಗ್ರೈಂಡರ್ ನಿಲ್ಲಿಸಿ, ಮುಲುಂಡಿನಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ ಬಂದಳು. ಮುಂಗೈ ಮೇಲೆ ಇನ್ನೂ ಹಿಟ್ಟು ಒಣಗಿತ್ತು.

ಮೇಡಂ ನಿಯಮದ ಪ್ರಕಾರ ಕೇಳಿದರು. "ಇವರು ನಿಮ್ಮ ಯಜಮಾನ್ರು ಅಂತ ನೀವು ಗುರುತಿಸ್ತೀರಾ ಮೇಡಂ?"

ನನ್ನ ಹೆಂಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಮಾರ್ಕೆಟಿನಲ್ಲಿ ಬದನೆಕಾಯಿ ನೋಡುವ ಹಾಗೆ.

"ಯಾವ ಹೊತ್ತಿನ್ಯಾಗ ಕೇಳ್ತೀರ್ರೀ? ಮುಂಜಾನೆ ಗುರ್ತ ಐತಿ, ಸಂಜೀಕೂ ಗುರ್ತ ಐತಿ. ಹನ್ನೊಂದರಿಂದ ಒಂದರ ತನಕಾ ಇವ್ರು ಯಾರಂತ ನನಗ ಗೊತ್ತಿಲ್ರೀ."

ಮೇಡಂಗೆ ಅರ್ಥವಾಗಲಿಲ್ಲ. ನನಗೆ ಆಯಿತು.

"ನಿನಗ ಯಾರು ಹೇಳಿದ್ರು?" ಎಂದು ಮೆಲ್ಲಗೆ ಕೇಳಿದೆ.

"ಯಾರ್ ಹೇಳಬೇಕು? ಇಡ್ಲಿ ಮಾಡಾಂವನ ಅಂಗೀ ಮೊಣಕೈಗೆ ದಿನಾ ಇದ್ದಿಲಿ ಮಸಿ ಎಲ್ಲಿಂದ ಬರತೈತ್ರೀ? ಒಗ್ಯಾಕಿ ನಾನ ಅಲ್ಲೇನು? ಮನ್ನಿ ಕಿಸೇದಾಗ ಹುಣಸೀಬೀಜಾನೂ ಸಿಕ್ಕಾವು."

"ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ದಿ?"

"ಎಲ್ಲಿ ಸುಮ್ಮನಿದ್ದೆ? ದಿನಾ ಫೋನ್ ಮಾಡ್ತಿದ್ನೆಲ್ಲಾ!"

ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಮೇಡಂ ಸ್ಟಾಂಪಿನ ಪ್ಯಾಡ್ ಮುಂದೆ ತಳ್ಳಿದರು. ನಾನು ಹೆಬ್ಬೆಟ್ಟು ಒತ್ತಿದೆ. ಅದರ ಕೆಳಗೆ ಹೆಂಡತಿ ಸಾಕ್ಷಿ ಸಹಿ ಮಾಡಿದಳು, ಒಂದೇ ಎಳೆತಕ್ಕೆ.

ಅವಳು ಏಳನೇ ತನಕ ಓದಿದವಳು. ಮದುವೆಯಾದ ಹೊಸತರಲ್ಲಿ ಅವಳ ಖಾತೆ ತೆಗೆಸಲು ಇದೇ ಶಾಖೆಗೆ ಕರೆತಂದಿದ್ದೆ. ಅವತ್ತೂ ಹೀಗೇ ಸರ್ರನೆ ಸಹಿ ಮಾಡಿ ಪೆನ್ನಿನ ಟೊಪ್ಪಿ ಹಾಕಿದ್ದಳು. ಪಕ್ಕದಲ್ಲಿ ನಿಂತ ನಾನು ನನ್ನ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದೆ. ಅದರ ಮುಂದಿನ ವಾರ ರಾತ್ರಿ ಶಾಲೆಗೆ ಹೆಸರು ಹಚ್ಚಿದೆ. ಯಾಕೆಂದು ಅವಳು ಕೇಳಿದ್ದಳು. ಹೋಟೆಲಿನಲ್ಲಿ ಬಿಲ್ಲು ಬರೆಯಲು ಬೇಕು ಎಂದಿದ್ದೆ.

"ಈಗ ಹೊಸ ಸೈನ್, ಈ ಬಾಕ್ಸ್ ಒಳಗೆ ಮಾಡಿ ಸಾರ್. ಸ್ವಲ್ಪ ಚಿಕ್ಕದಾಗಿ. ಊರಿನ ಹೆಸರು ಬೇಡ."

"ಊರು ಬಿಡಾಕ ಆಗಾಂಗಿಲ್ರೀ ಮೇಡಂ."

"ಹಾಗಾದ್ರೆ ಗೆರೆ ಬಿಡಿ."

ಸ್ವಲ್ಪ ಚೌಕಾಶಿ ನಡೆಯಿತು. ಕೊನೆಗೆ ಊರಿನ ಮೊದಲ ಅಕ್ಷರ ಮತ್ತು ಒಂದು ಗೆರೆಗೆ ಒಪ್ಪಂದವಾಯಿತು. ಸುತ್ತನ್ನು ಅವರು ಕೇಳಲಿಲ್ಲ, ನಾನೂ ಹೇಳದೆ ಹಾಕಿಬಿಟ್ಟೆ. ಹೆಂಡತಿ ಬಗ್ಗಿ ನೋಡಿ, "ಅಕ್ಷರ ಚಲೋ ಅದಾವ್ರೀ" ಎಂದಳು. ಆಮೇಲೆ ಸೇರಿಸಿದಳು, "ಬಿಲ್ಲು ಬರಿಯಾಕ ಸಾಕು."

ನಂಬರ್ ಬದಲಾಯಿತು. ಹೆಬ್ಬೆಟ್ಟಿನವರಿಗೆ ಕೊಡದೆ ಇಟ್ಟಿದ್ದ ಎಟಿಎಂ ಕಾರ್ಡೂ ಸ್ವಲ್ಪ ದಿನದಲ್ಲಿ ಅಂಚೆಯಲ್ಲಿ ಬಂತು. ಅಡುಗೆಮನೆಯ ಕಟ್ಟೆಯ ಮೇಲೆ ಫೋನು, ಕಾರ್ಡು ಎರಡನ್ನೂ ಇಟ್ಟುಕೊಂಡು ಕೂತೆವು. ಚಕ್ರ ತಿರುಗಿತು. ಈ ಸಲ ನನ್ನ ಬ್ಯಾಂಕಿನ ಹೆಸರು, ಕೆಳಗೆ ನನ್ನ ಖಾತೆ. ಕಾರ್ಡಿನ ಕೊನೆಯ ಅಂಕಿಗಳನ್ನು ಒಂದೊಂದಾಗಿ ಒತ್ತಿದೆ. ಒಟಿಪಿ ಬಂತು, ನನ್ನ ಫೋನಿಗೇ ಬಂತು. ಗುಟ್ಟಿನ ಪಿನ್ ಹಾಕುವಾಗ ಹೆಂಡತಿಗೆ ಆ ಕಡೆ ನೋಡು ಎಂದೆ. ಅವಳು ನೋಡಿದಳು, ಸ್ಟೀಲ್ ಡಬ್ಬಿಯ ಕಡೆ. ಅದರ ಹೊಳಪಿನಲ್ಲಿ ಎಲ್ಲ ಕಾಣುತ್ತದೆ ಎಂದು ನನಗೆ ಆಮೇಲೆ ಹೊಳೆಯಿತು.

ಎಲ್ಲ ಮುಗಿದ ಮೇಲೆ ಆಪ್ ಇನ್ನೊಂದು ಮಾತು ಕೇಳಿತು. ಬೇರೆ ಯಾರೂ ತೆರೆಯದ ಹಾಗೆ ಇದಕ್ಕೆ ಬೀಗ ಹಾಕಬೇಕು, ನಿಮ್ಮ ಬೆರಳನ್ನು ಇಲ್ಲಿ ಒತ್ತಿ.

"ಯಾವ ಬೆರಳು?" ಎಂದೆ.

"ಎಲ್ಲಾರೂ ಹೆಬ್ಬೆಟ್ಟ ಒತ್ತತಾರ್ರೀ" ಎಂದವಳೇ ಕಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ನೆಲದ ಮೇಲೆ ಕೂತು ನಕ್ಕಳು. ಪಕ್ಕದ ಮನೆಯವರು ಬಾಗಿಲು ಬಡಿದು, ಏನಾಯಿತು ಎಂದು ಕೇಳಿದರು.

ಬ್ಯಾಂಕಿನ ಮೇಡಂಗೆ ಫೋನು ಮಾಡಿ, ಮತ್ತೆ ಸಹಿ ಮಾಡಿಸಿಕೊಂಡದ್ದು ಯಾಕೆ ಎಂದು ಕೇಳಬೇಕೆಂದುಕೊಂಡೆ. ಆದರೆ ಒತ್ತಿದೆ. ಇನ್ನೇನು ಮಾಡುವುದು.

ಜೂನ್ ಒಂದರಂದು ಬ್ಯಾಂಕಿನ ಶುಭಾಶಯ ಮೊದಲ ಸಲ ನನಗೇ ಬಂತು. ಎರಡು ಸಲ ಓದಿದೆ. ಆಮೇಲೆ ಅದನ್ನು ಹಾಗೇ ಮಾವಶಿಯ ನಂಬರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವರ ಫೋನು.

"ನೋಡಿದೆಯಾ? ನೀನು ನಂಬರ್ ತೆಗೆಸಿದರೂ ಅವರು ನನ್ನನ್ನು ಮರೆತಿಲ್ಲ! ಶಿರಾ ಮಾಡಿದ್ದೇನೆ, ಬಾ."

ಅದೇ ವಾರ ನನ್ನ ಹೆಸರಿನ ಹೊಸ ಸ್ಟಿಕರ್ ಬಂತು. ಡಬ್ಬಿ ಆಮೇಲೆ ಬರುತ್ತದೆ ಎಂದರು. ಹೆಂಡತಿಯ ಸ್ಟಿಕರನ್ನು ಬಿಸಿನೀರು ಹಾಕಿ ಕಿತ್ತೆ. ಅವಳ ಡಬ್ಬಿಗೆ ಇನ್ನು ಗಾಡಿಯ ಮೇಲೆ ಕೆಲಸವಿಲ್ಲವೆಂದು ಒರೆಸಿ, ಮನೆಗೆ ಒಯ್ದು ಗ್ರೈಂಡರಿನ ಪಕ್ಕ ಇಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಎದುರಿನ ಆಫೀಸಿನ ಹುಡುಗಿ, ದಿನಾ ಬರುವವಳು. ಇಡ್ಲಿ ತಿಂದು ಫೋನು ಒತ್ತಿ, "ಭೇಜ್ ದಿಯಾ ಅಣ್ಣಾ", ದುಡ್ಡು ಕಳಿಸಿದೆ, ಎಂದಳು. ನನ್ನ ಫೋನು ಸುಮ್ಮನಿತ್ತು. ಅವಳು ತನ್ನ ಪರದೆ ತೋರಿಸಿದಳು. ಹಸಿರು ಗುರುತು, ಪಕ್ಕದಲ್ಲಿ ನನ್ನ ಹೆಂಡತಿಯ ಹೆಸರು.

"ಸ್ಕ್ಯಾನ್ ನಹೀ ಕಿಯಾ?" ಎಂದು ಕೇಳಿದೆ.

"ಸ್ಕ್ಯಾನ್ ಕ್ಯೂಂ? ಭಾಭೀ ಕಾ ನಾಮ್ ಊಪರ್ ಹೀ ರೆಹತಾ ಹೈ." ಅತ್ತಿಗೆಯ ಹೆಸರು ಫೋನಿನಲ್ಲಿ ಎಲ್ಲರಿಗಿಂತ ಮೇಲೇ ಇರುತ್ತದೆ, ಸ್ಕ್ಯಾನ್ ಯಾಕೆ ಎಂದು.

ಅವಳ ಹಿಂದಿದ್ದವನೂ ಹಾಗೇ ಮಾಡಿದ. ಅವನ ಹಿಂದಿದ್ದವನೂ. ದಿನಾ ತಿನ್ನುವವರು ಯಾರೂ ಸ್ಟಿಕರಿನ ಕಡೆ ತಲೆ ಎತ್ತುವುದಿಲ್ಲ. ಅವರ ಫೋನಿನೊಳಗೆ ನನ್ನ ಹೆಂಡತಿ ಆಗಲೇ ಮನೆ ಮಾಡಿದ್ದಾಳೆ. ನನ್ನ ಖಾತೆಯಲ್ಲಿ ಬಂದು ಕೂತದ್ದು ಹಿಂದಿನ ಸಂಜೆ ಸರಿಯಾಗಿದೆಯೋ ನೋಡಲು ಅವಳೇ ಕಳಿಸಿದ್ದ ಒಂದು ರೂಪಾಯಿ ಮಾತ್ರ.

ಅಷ್ಟರಲ್ಲಿ ಅವಳ ಫೋನು.

"ಏನ್ರೀ! ನಿಮ್ಮ ಡಬ್ಬಿ ಅಡಗೀಮನ್ಯಾಗ ಕುಂತು ಒದರಾಕತ್ತೈತಿ! ಬಾಜೂ ಮನಿಯಾಕಿ, ನಿಮ್ಮ ಗ್ರೈಂಡರ್ ಹಿಂದಿ ಮಾತಾಡತೈತೇನು ಅಂತ ಕೇಳಾಕತ್ತಾಳ!"

ಹನ್ನೊಂದರ ತನಕ ಡಬ್ಬಿ ಅಲ್ಲಿ ಒದರಿತು, ನಾನು ಇಲ್ಲಿ ಇಡ್ಲಿ ಬಡಿಸಿದೆ. ಆಮೇಲೆ ಗಾಡಿಗೆ ಬಟ್ಟೆ ಹೊದಿಸಿ, ಗೆಳೆಯನ ಹಲಗೆಯ ಮುಂದೆ ಕೂತೆ. ಅಂದು ಆಟ ಚೆನ್ನಾಗಿ ಬಂತು. ಮೂರು ಕಾಯಿ ಹಣ್ಣಾದವು. ನಾಲ್ಕನೆಯದಕ್ಕೆ ಹುಣಸೆಬೀಜ ಕೈಯಲ್ಲಿ ಕುಲುಕುತ್ತಿರುವಾಗ ಫೋನು ಬಂತು. ಗೆಳೆಯ ಆಗಲೇ ನಗುತ್ತಿದ್ದ. ನಾನು ಓಡಲಿಲ್ಲ. ಕೂತಲ್ಲೇ ಎತ್ತಿದೆ.

"ಡಬ್ಬಿ ಸುಮ್ಮನಾತು. ಹಲಗೀ ಮುಂದ ಕುಂತ್ರೇನು?"

"ಹೂಂ."

"ಕಾಯಿ ಹಣ್ಣಾತೇನು?"

"ಇನ್ನೊಂದು ಉಳದೈತಿ."

ಆ ಕಡೆ ಅವಳು ಗ್ರೈಂಡರ್ ನಿಲ್ಲಿಸಿದಳು.

"ಲಗೂನ ಹಣ್ಣು ಮಾಡ್ಕೊಂಡು ಗಾಡಿಗೆ ನಡೀರಿ. ಏಳೂ ಮುಂದ ಆ ಇದ್ದಿಲಿ ಹಲಗೀ ಮ್ಯಾಲ ಮೊಣಕೈ ಇಡಬ್ಯಾಡ್ರಿ, ಬಿಳೀ ಅಂಗಿ ಐತಿ."